ಪದ ಪರಿಚಯ: ಟೋಲ್ ಫ್ರೀ



'ಟೋಲ್' ಎಂದೊಡನೆ ಪಾರ್ಲೆಯಲ್ಲಿ ಬೆಳೆದ ನಿಮಗೆ ದಹಿಸರ್ ನಾಕಾ ನೆನಪಾಗಬಹುದು. ನಮ್ಮ ಹಿರಿಯರು ಅದನ್ನು 'ಸುಂಕ' ಎನ್ನುತ್ತಿದ್ದರು. "ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ" ಎಂಬ ಗಾದೆಯನ್ನು ಅಜ್ಜಿಯ ಬಾಯಲ್ಲಿ ಕೇಳಿರುತ್ತೀರಿ. ಏನು ಹೇಳಿಕೊಂಡರೂ ಅವನು ಕಾಸು ಬಿಡುವವನಲ್ಲ!

ಇಂಗ್ಲಿಷಿನಲ್ಲಿ ದೂರವಾಣಿ ಕರೆಯ ದರಕ್ಕೂ ಟೋಲ್ ಎಂದೇ ಹೆಸರು. ಹಾಗಾಗಿ 'ಟೋಲ್ ಫ್ರೀ' ಎಂದರೆ ಸುಂಕವಿಲ್ಲದ ಕರೆ; ಕನ್ನಡದಲ್ಲಿ 'ಶುಲ್ಕರಹಿತ ಕರೆ'. ಹಣವನ್ನು ಯಾರೂ ಕೊಡುವುದಿಲ್ಲವೆಂದಲ್ಲ. ಕರೆ ಮಾಡಿದವರ ಬದಲು ಕರೆ ಸ್ವೀಕರಿಸುವ ಸಂಸ್ಥೆ ಕೊಡುತ್ತದೆ. ನಮ್ಮ ದೇಶದಲ್ಲಿ ಇಂಥ ಸಂಖ್ಯೆಗಳು 1800ರಿಂದ ಆರಂಭವಾಗುತ್ತವೆ. 1860 ಬೇರೆ, ಅದಕ್ಕೆ ಕರೆ ಮಾಡುವವರೂ ದುಡ್ಡು ತೆರಬೇಕು.

ದುಡ್ಡಿಲ್ಲದವರ ಕಷ್ಟವನ್ನೂ ಕೇಳುವ ಕಿವಿ ಸಿಗುತ್ತದಲ್ಲ, ಅದೇ ಇದರ ದೊಡ್ಡ ಉಪಕಾರ. ಮಕ್ಕಳ ಸಹಾಯವಾಣಿ 1098 ಇದಕ್ಕೆ ಒಳ್ಳೆಯ ಉದಾಹರಣೆ. 1996ರಲ್ಲಿ ಅದು ಹುಟ್ಟಿದ್ದು ನಮ್ಮ ಮುಂಬಯಿಯಲ್ಲೇ. ಕಿಸೆಯಲ್ಲಿ ಕಾಸಿಲ್ಲದ ಮಗುವೂ ಕರೆ ಮಾಡಬಹುದು. ಕಷ್ಟದಲ್ಲಿರುವ ಮಗು ನಿಮ್ಮ ಕಣ್ಣಿಗೆ ಬಿದ್ದರೆ ನೀವೂ ಮಾಡಬಹುದು. ಸಂಖ್ಯೆ ನೆನಪಿಡಿ. ಇಲ್ಲಿ ಸುಖದುಃಖ ಹೇಳಿಕೊಳ್ಳಲು ಸುಂಕದವನು ಅಡ್ಡ ಬರುವುದಿಲ್ಲ.