ಸೀರಿಯಲ್ ಜಾಗ ನೋಡೋಕೆ ಮೈಸೂರಿಗೆ ಹೋದ್ವಿ

ಟೀವಿಯಲ್ಲಿ ಕಂಡ ಜಾಗ ನೋಡ್ಬೇಕು ಅಂತ ಮಕ್ಕಳ ಹಟ. ಭಾನುವಾರ ತಾಳವಾಡಿಯಿಂದ ಮನೆಮಂದಿಯೆಲ್ಲ ಹೊರಟು, ಚಾಮರಾಜನಗರದಲ್ಲಿ ಬಸ್ ಬದಲಿಸಿ ಮೈಸೂರು ಸೇರಿದ್ವಿ. ಲಲಿತಮಹಲ್ ಮುಂದೆ ಫೋಟೊ ಆಯ್ತು. ಪ್ರೀಮಿಯರ್ ಸ್ಟುಡಿಯೋ ಇದ್ದ ಕಡೆಗೆ ಅಪ್ಪನೇ ಕರ್ಕೊಂಡು ಹೋದ್ರು. 1989ರ ಫೆಬ್ರವರಿ 8ರಂದು ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಸತ್ತದ್ದು ಅಲ್ಲೇ. ಈಗ ಸ್ಟುಡಿಯೋನೂ ಇಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ರು.

ಟೀ ಅಂಗಡಿಯವರು ಯಾವೂರು ಅಂದ್ರು. ತಾಳವಾಡಿ, ಈರೋಡ್ ಜಿಲ್ಲೆ ಅಂದ್ವಿ. ‘ಓ, ತಮಿಳ್ನೋರು! ಕನ್ನಡ ಚೆನ್ನಾಗಿ ಕಲ್ತಿದ್ದೀರಾ!’

ಅವರದ್ದೇನೂ ತಪ್ಪಿಲ್ಲ ಬಿಡಿ. ದಿನಾ ಸಂಜೆ ಅವರು ನೋಡೋ ಸೀರಿಯಲ್‌ಗಳಲ್ಲಿ ನಾವೆಲ್ಲಿದ್ದೀವಿ? ರಾಜ್‌ಕುಮಾರ್ ಅವರ ಗಾಜನೂರು ಇರೋದು ನಮ್ಮ ತಾಲ್ಲೂಕಲ್ಲೇ. ಆದ್ರೆ ನಮ್ಮ ಕಡೆ ಅಂದ್ರೆ ವಾಹಿನಿಗಳಿಗೆ ಇವತ್ತಿಗೂ 2000ದ ಅಪಹರಣ ಒಂದೇ ನೆನಪು.

ಒಂದು ಕತೆಯಾದರೂ ತಾಳವಾಡಿಯದ್ದೋ ಹೊಸೂರಿನದ್ದೋ ಕಾಸರಗೋಡಿನದ್ದೋ ಮನೆಯಲ್ಲಿ ನಡೀಲಿ. ನಮ್ಮ ಮಾತು ಕಾಮಿಡಿಗೆ ಬೇಡ, ಆ ಮನೆಯವರೆಲ್ಲ ಆಡೋ ಮಾತಾಗಿ ಬರಲಿ. ವಾಹಿನಿಗಳಿಗೆ ಹೀಗಂತ ಪತ್ರ ಬರೀತಿದ್ದೀವಿ. ನಿಮ್ಮೂರಿನ ಬೀದಿ, ನಿಮ್ಮಜ್ಜಿ ಮಾತು ಮೊಬೈಲಲ್ಲಿ ಹಿಡಿದು ಕಳಿಸಿ, ಪತ್ರದ ಜೊತೆ ಸೇರಿಸ್ತೀವಿ.