ಶುಭಾಶಯ ಕಳುಹಿಸುವವರ ಆಯ್ಕೆ, ಪಡೆಯುವವರ ಪಾಡು

ಹಬ್ಬದ ಶುಭಾಶಯ ಪತ್ರವನ್ನು ತೆರೆದ ಲಕೋಟೆಯಲ್ಲಿಟ್ಟು, ಮೇಲೆ ‘ಬುಕ್‌ಪೋಸ್ಟ್’ ಎಂದು ಬರೆದು, ಕಡಿಮೆ ದರದ ಅಂಚೆಚೀಟಿ ಅಂಟಿಸಿ ಕಳುಹಿಸುತ್ತಿದ್ದ ಕಾಲವೊಂದಿತ್ತು. ಅವಸರವಿದ್ದವರು ತಂತಿ ಕಚೇರಿಗೆ ಹೋಗಿ, ಸಿದ್ಧ ಶುಭಾಶಯ ವಾಕ್ಯಗಳ ಪಟ್ಟಿಯಿಂದ ಒಂದು ಸಂಖ್ಯೆಯನ್ನು ಆರಿಸಿ ಬರೆದುಕೊಡುತ್ತಿದ್ದರು. 2013ರ ಜುಲೈನಲ್ಲಿ ತಂತಿ ಸೇವೆ ನಿಂತಿತು. ಈ ಎರಡೂ ವ್ಯವಸ್ಥೆಗಳಲ್ಲಿ ಒಂದು ಸಮಾನ ಗುಣವಿತ್ತು: ಕಳುಹಿಸುವವರು ಹಣ ತೆರುತ್ತಿದ್ದರು, ಪಡೆಯುವವರು ಏನನ್ನೂ ಕೊಡಬೇಕಿರಲಿಲ್ಲ. ಅಂತರ್ಜಾಲದ ಶುಭಾಶಯ ಪತ್ರ ಈ ಲೆಕ್ಕವನ್ನು ತಲೆಕೆಳಗು ಮಾಡಿದೆ.

ಇದನ್ನು ಅರಿಯಲು ಮಲ್ಲಿಪಟ್ಟಣದಂಥ ಹೋಬಳಿ ಕೇಂದ್ರದ ಮನೆಯೊಂದನ್ನು ಊಹಿಸಿಕೊಂಡರೆ ಸಾಕು. ಅರಕಲಗೂಡು ತಾಲ್ಲೂಕಿನ ಈ ಸೀಮೆಯಿಂದ ಓದಿಗಾಗಿ, ಉದ್ಯೋಗಕ್ಕಾಗಿ ಬೆಂಗಳೂರು ಸೇರಿದ ಮಕ್ಕಳು ಯುಗಾದಿಗೊಂದು ಚೆಂದದ ಪತ್ರವನ್ನು ಮೊಬೈಲಿಗೆ ರವಾನಿಸುತ್ತಾರೆ. ಅದನ್ನು ತೆರೆಯುವ ತಂದೆ ತಾಯಿಯರ ಮೊಬೈಲ್ ಸಂಖ್ಯೆಯೇ ಅವರ ಬ್ಯಾಂಕ್ ಖಾತೆಗೂ ಜೋಡಣೆಯಾಗಿರುತ್ತದೆ. ಹಾಲು ಉತ್ಪಾದಕರ ಪ್ರೋತ್ಸಾಹಧನ, ವೃದ್ಧಾಪ್ಯ ವೇತನ, 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ಬಂದು ಬೀಳುವುದು ಅದೇ ಖಾತೆಗೆ. ಪತ್ರದ ಸೇವೆಯನ್ನು ಆರಿಸುವವರು ಮಕ್ಕಳು. ಆ ಆಯ್ಕೆ ತಪ್ಪಿದರೆ ಕಳೆದುಕೊಳ್ಳುವವರು ಊರಿನಲ್ಲಿರುವವರು.

ಈ ಆತಂಕ ಕಲ್ಪನೆಯದಲ್ಲ. 2024ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ವಾಟ್ಸ್‌ಆಪ್ ಮೂಲಕ ಬರುತ್ತಿದ್ದ ನಕಲಿ ಮದುವೆ ಕರೆಯೋಲೆಗಳ ಬಗ್ಗೆ ಜನರನ್ನು ಎಚ್ಚರಿಸಿದರು. ಕರೆಯೋಲೆ ಎಂದು ನಂಬಿಸುತ್ತಿದ್ದ ಆ ಕಡತ ಚಿತ್ರವೂ ಅಲ್ಲ, ಪತ್ರವೂ ಅಲ್ಲ. ತೆರೆದು ಒಪ್ಪಿಗೆ ಕೊಟ್ಟರೆ ಮೊಬೈಲಿನಲ್ಲಿ ನೆಲೆಯೂರುವ ‘ಎಪಿಕೆ’ ತಂತ್ರಾಂಶ. ಇಂಥದ್ದಕ್ಕೆ ಒಮ್ಮೆ ಅನುಮತಿ ಕೊಟ್ಟರೆ ಅದು ಸಂದೇಶಗಳನ್ನು ಓದಬಲ್ಲದು. ಬ್ಯಾಂಕಿನಿಂದ ಬರುವ ಒಟಿಪಿಯೂ ವಂಚಕರ ಕೈಸೇರುತ್ತದೆ. ಕರೆಯೋಲೆ ಬಂದಾಗ ಯಾರ ಮನೆಯ ಮದುವೆಯೆಂದು ತೆರೆದು ನೋಡುವುದು ನಮ್ಮ ಜನರ ಸಹಜ ಸೌಜನ್ಯ. ವಂಚಕರು ಬಂಡವಾಳ ಮಾಡಿಕೊಂಡಿರುವುದು ಆ ಸೌಜನ್ಯವನ್ನೇ.

ಈ ದೌರ್ಬಲ್ಯದ ಬೇರು ಈ ಸೇವೆಯ ಹುಟ್ಟಿನಲ್ಲಿಯೇ ಇದೆ. 1994ರಲ್ಲಿ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಜುಡಿತ್ ಡೊನಾತ್ ರೂಪಿಸಿದ ‘ಎಲೆಕ್ಟ್ರಿಕ್ ಪೋಸ್ಟ್‌ಕಾರ್ಡ್’ ಈ ಬಗೆಯ ಮೊದಲ ಸೇವೆಗಳಲ್ಲೊಂದು. ಅಲ್ಲಿ ಮಿಂಚಂಚೆಯಲ್ಲಿ ಹೋಗುತ್ತಿದ್ದುದು ಪತ್ರವಲ್ಲ, ಪತ್ರವೊಂದು ಕಾದಿದೆ ಎಂಬ ಸೂಚನೆ ಮಾತ್ರ. ಪಡೆಯುವವರು ತಾಣಕ್ಕೆ ಹೋಗಿ ಅದನ್ನು ನೋಡಬೇಕಿತ್ತು. ಮುಂದಿನ ಸೇವೆಗಳಲ್ಲಿ ಬಹುಪಾಲು ಇದೇ ದಾರಿ ಹಿಡಿದವು. ಸೂಚನೆಯನ್ನು ನಂಬಿ ಕೊಂಡಿಯನ್ನು ಒತ್ತುವ ಅಭ್ಯಾಸ ಬೆಳೆದದ್ದು ಹೀಗೆ. 2002ರಲ್ಲಿ ‘ಫ್ರೆಂಡ್ ಗ್ರೀಟಿಂಗ್ಸ್’ ಎಂಬ ಸೇವೆ ಪತ್ರ ನೋಡಬಯಸಿದವರಿಂದ ತಂತ್ರಾಂಶವೊಂದನ್ನು ಹಾಕಿಸಿಕೊಂಡು, ಅವರ ವಿಳಾಸ ಪುಸ್ತಕದಲ್ಲಿದ್ದವರಿಗೆಲ್ಲ ಅವರದೇ ಹೆಸರಿನಲ್ಲಿ ಮಿಂಚಂಚೆ ಕಳುಹಿಸಿತು. ಅದಕ್ಕೆ ಒಪ್ಪಿಗೆಯನ್ನು ಯಾರೂ ಓದದ ಉದ್ದನೆಯ ಕರಾರಿನಲ್ಲಿ ಮೊದಲೇ ಪಡೆದಿತ್ತು! 2007ರಲ್ಲಿ ‘ಸ್ಟಾರ್ಮ್’ ಎಂಬ ಕುತಂತ್ರಾಂಶ ಹರಡಿದ್ದೂ ಬಂಧುಗಳಿಂದ ಶುಭಾಶಯ ಬಂದಿದೆ ಎಂಬ ಸುಳ್ಳು ಸೂಚನೆಯ ಮೂಲಕವೇ.

ಉಚಿತ ಸೇವೆಯ ಅರ್ಥಶಾಸ್ತ್ರವೂ ಇಲ್ಲಿ ಗಮನಾರ್ಹ. 1996ರಲ್ಲಿ ಆರಂಭವಾದ ‘ಬ್ಲೂ ಮೌಂಟನ್’ ತಾಣ ಪತ್ರಗಳನ್ನು ಪುಕ್ಕಟೆಯಾಗಿ ಹಂಚಿ ಅಪಾರ ಜನರನ್ನು ಸೆಳೆಯಿತು. 1999ರಲ್ಲಿ ಎಕ್ಸೈಟ್ ಅಟ್ ಹೋಮ್ ಕಂಪನಿ ಅದನ್ನು ಸುಮಾರು 78 ಕೋಟಿ ಡಾಲರ್ ಮೌಲ್ಯಕ್ಕೆ ಕೊಂಡಿತು. ಎರಡೇ ವರ್ಷಗಳಲ್ಲಿ, 2001ರಲ್ಲಿ, ಅದು ಅಮೆರಿಕನ್ ಗ್ರೀಟಿಂಗ್ಸ್ ಕಂಪನಿಗೆ ಮಾರಾಟವಾದದ್ದು 3.5 ಕೋಟಿ ಡಾಲರಿಗೆ. ಬಳಿಕ ಬಂದದ್ದು ಚಂದಾ ಪದ್ಧತಿ. ಪತ್ರಕ್ಕೆ ಬಳಕೆದಾರರು ಹಣ ಕೊಡದಿದ್ದರೆ ಬೇರೆ ಯಾರಾದರೂ ಕೊಡಲೇಬೇಕು: ಒಂದೋ ಜಾಹೀರಾತುದಾರರು, ಇಲ್ಲವೇ ಜನರ ವಿಳಾಸ ಮತ್ತು ಸಂಖ್ಯೆಗಳನ್ನು ಕೊಳ್ಳುವವರು. ಜಾಹೀರಾತು ಕಣ್ಣಿಗೆ ಕಿರಿಕಿರಿಯಷ್ಟೇ. ಎರಡನೆಯದು ಒಳಗಿನ ಗಾಯ.

ಹೀಗಾಗಿ ಸೇವೆಯನ್ನು ಆರಿಸುವಾಗ ಚಿತ್ರದ ಅಂದ, ಸಂಗೀತದ ಇಂಪಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ. ಪತ್ರವನ್ನು ನೋಡಲು ಪಡೆಯುವವರು ಏನನ್ನಾದರೂ ಹಾಕಿಕೊಳ್ಳಬೇಕೆ? ಹೆಸರು ನೋಂದಾಯಿಸಬೇಕೆ? ಕಳುಹಿಸುವವರ ಮೊಬೈಲಿನಲ್ಲಿರುವ ಎಲ್ಲರ ಸಂಖ್ಯೆಗಳನ್ನೂ ಸೇವೆ ಕೇಳುತ್ತಿದೆಯೆ? ಈ ಮೂರರಲ್ಲಿ ಒಂದಕ್ಕೆ ‘ಹೌದು’ ಎಂಬ ಉತ್ತರ ಬಂದರೂ ಆ ಸೇವೆಯನ್ನು ಕೈಬಿಡುವುದು ಲೇಸು. ಒಬ್ಬರಿಗೆ ಹಬ್ಬದ ಹಾರೈಕೆ ತಿಳಿಸಲು ಇಡೀ ನೆಂಟರಿಷ್ಟರ ಪಟ್ಟಿ ಯಾರಿಗೂ ಬೇಕಾಗದು.

ಕನ್ನಡದ ಪ್ರಶ್ನೆಯೂ ಇದೆ. ಸಿದ್ಧ ಚಿತ್ರದಲ್ಲಿ ಅಚ್ಚಾದ ಒಂದು ಸಾಲಿಗೆ ತೃಪ್ತಿಪಡಬೇಕೆ, ಅಥವಾ ಯೂನಿಕೋಡ್ ಕನ್ನಡದಲ್ಲಿ ತಮ್ಮದೇ ಮಾತು ಬರೆಯಲು ಅವಕಾಶವಿದೆಯೆ ಎಂಬುದನ್ನು ಒಮ್ಮೆ ಟೈಪಿಸಿ, ತಮಗೇ ಕಳುಹಿಸಿಕೊಂಡು ನೋಡಬೇಕು. ಒತ್ತಕ್ಷರಗಳು ಒಡೆದು ಕಾಣುವ ಸೇವೆಗಿಂತ ನೇರವಾಗಿ ಬರೆದ ನಾಲ್ಕು ಸಾಲು ಮೇಲು.

ಬಾಳಿಕೆಯ ವಿಚಾರವೂ ಅಷ್ಟೇ ಮುಖ್ಯ. 2000ದ ದಶಕದ ಎಷ್ಟೋ ಚಲಿಸುವ ಪತ್ರಗಳು ಫ್ಲ್ಯಾಶ್ ತಂತ್ರಜ್ಞಾನವನ್ನು ನೆಚ್ಚಿದ್ದವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ಅದರ ಬೆಂಬಲವನ್ನು ನಿಲ್ಲಿಸಿತು. ಬೇರೆ ರೂಪಕ್ಕೆ ಪರಿವರ್ತನೆಯಾಗದ ಪತ್ರಗಳು ಅಲ್ಲಿಗೆ ಮೌನವಾದವು. ತಂದೆಯ ಪೆಟ್ಟಿಗೆಯಲ್ಲಿ ಮೂವತ್ತು ವರ್ಷದ ಕಾಗದ ಉಳಿಯುತ್ತದೆ, ತಾಣದಲ್ಲಿಟ್ಟ ಪತ್ರ ಉಳಿಯುವ ಭರವಸೆಯಿಲ್ಲ. ಉಳಿಯಬೇಕಾದುದನ್ನು ಚಿತ್ರವಾಗಿ ಇಳಿಸಿಕೊಂಡು ನೇರವಾಗಿ ಕಳುಹಿಸುವುದೇ ಕ್ಷೇಮ. ಅದರಿಂದ ಪಡೆಯುವವರು ಅಪರಿಚಿತ ಕೊಂಡಿಯನ್ನು ಒತ್ತುವ ಪ್ರಮೇಯವೂ ತಪ್ಪುತ್ತದೆ.

ಕಾನೂನು ಇಲ್ಲವೆಂದಲ್ಲ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂತು. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದವು, ಹಂತಹಂತವಾಗಿ ಜಾರಿಗೆಂದು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡುವ ವ್ಯವಸ್ಥೆಯೂ ಇದೆ. ಆದರೆ ಇವೆಲ್ಲ ಕೆಲಸ ಆರಂಭಿಸುವುದು ಬಹುತೇಕ ನಷ್ಟವಾದ ಮೇಲೆ. ಅದಕ್ಕೂ ಮೊದಲಿನ ಕಾವಲು ಕಳುಹಿಸುವವರ ಕೈಯಲ್ಲೇ ಇದೆ. ಹಬ್ಬದ ದಿನ ಒಂದು ಕರೆ ಮಾಡಿ, ‘ಚಿತ್ರ ಕಳುಹಿಸಿದ್ದೇನೆ, ಬೇರೆ ಏನು ಬಂದರೂ ಒತ್ತಬೇಡಿ’ ಎಂದು ಹೇಳುವುದಕ್ಕೆ ಯಾವ ಸೇವೆಯ ಚಂದಾವೂ ಬೇಕಿಲ್ಲ. ಊರಿನ ಹಿರಿಯರಿಗೆ ಪತ್ರಕ್ಕಿಂತ ಆ ಕರೆಯೇ ಹೆಚ್ಚು ಹಿತವಾದೀತು.