ಉಳಿದ ಎಂಟು ಗಂಟೆ

ನಾನು ಕುಡತಿನಿಯವನು, ರಸಾಯನವಿಜ್ಞಾನದ ವಿದ್ಯಾರ್ಥಿ. ನಮ್ಮೂರಲ್ಲಿ ವಿದ್ಯುತ್ ಸ್ಥಾವರ, ಸಂಡೂರಿನ ಕಡೆ ಕಬ್ಬಿಣದ ಅದಿರಿನ ಗಣಿಗಳು. ಬಂಡೆ ಸಿಡಿಸುವ ಸ್ಫೋಟಕಗಳಲ್ಲಿ ಮುಖ್ಯವಾದದ್ದು ಅಮೋನಿಯಂ ನೈಟ್ರೇಟ್.

ಅಪಾಯಕಾರಿ ವಸ್ತುಗಳನ್ನು ಸಾಗಿಸುವ ಮುನ್ನ ಪರೀಕ್ಷಿಸಲು ವಿಶ್ವಸಂಸ್ಥೆಯ ಕೈಪಿಡಿಯೇ ಇದೆ. ಪೆಟ್ಟು ಬಿದ್ದರೆ, ಉಜ್ಜಿದರೆ, ಬೆಂಕಿ ತಗುಲಿದರೆ ಏನಾಗುತ್ತದೆಂದು ಸಣ್ಣ ಮಾದರಿಯಲ್ಲಿ ನೋಡುತ್ತಾರೆ. ಶಾಖ ತಾಳುತ್ತದೆಯೇ ಎಂದು ತಿಳಿಯಲು 75 ಡಿಗ್ರಿ ಸೆಲ್ಸಿಯಸ್‌ನಲ್ಲಿ 48 ಗಂಟೆ ಇಡುತ್ತಾರೆ.

ಹೊಸ ಮಾದರಿ ಪಾಸಾದ ಮಾತ್ರಕ್ಕೆ ಗೋದಾಮಿನ ಹಳೆಯ ಚೀಲ ಸುರಕ್ಷಿತವೇನಲ್ಲ. ಅಮೋನಿಯಂ ನೈಟ್ರೇಟ್‌ನ ಹರಳು ಸುಮಾರು 32 ಡಿಗ್ರಿಯಲ್ಲಿ ರೂಪ ಬದಲಿಸುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಹಗಲು ಆ ಗಡಿ ದಾಟಿ, ರಾತ್ರಿ ಮತ್ತೆ ಕೆಳಗಿಳಿದರೆ ಕಾಳು ಒಡೆದು, ಪುಡಿಯಾಗಿ, ಗಟ್ಟಿ ಕಟ್ಟುತ್ತದೆ. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನಲ್ಲಿ ಸಿಡಿದದ್ದು ವರ್ಷಗಟ್ಟಲೆ ಬಿದ್ದಿದ್ದ ಇದೇ ವಸ್ತು. 200ಕ್ಕೂ ಹೆಚ್ಚು ಜನ ಸತ್ತರು. 2021ರಲ್ಲಿ ಶಿವಮೊಗ್ಗದ ಹುಣಸೋಡು, ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಕ್ವಾರಿ ಸ್ಫೋಟಕಗಳು ಜೀವ ತೆಗೆದವು.

ಕೆಲಸ ಹುಡುಕುತ್ತಿರುವ ಗೆಳೆಯರೇ, ನಾಳೆ ನಮ್ಮಲ್ಲಿ ಕೆಲವರು ಲ್ಯಾಬ್ ಸೇರುತ್ತೇವೆ. ‘ನಲವತ್ತು ಗಂಟೆ ಸಾಕು, ಸಹಿ ಹಾಕು’ ಎನ್ನುವವರು ಸಿಗಬಹುದು. ವರದಿ ಓದಲಾಗದ ಹಮಾಲಿ ಆ ಸಹಿಯನ್ನೇ ನಂಬಿ ಚೀಲ ಹೊರುತ್ತಾನೆ. ಅವನಿಗಾಗಿ ಉಳಿದ ಎಂಟು ಗಂಟೆ ಕಾಯುವುದೇ ನಮ್ಮ ಪದವಿಯ ಬೆಲೆ.